ಎರಡು ಸುತ್ತು ಹಿಂದಕ್ಕೆ

ಕಾರಿನ ಟರ್ಬೊದ ಕಡ್ಡಿಯನ್ನು ಯಾರೋ ಎರಡು ಸುತ್ತು ಹಿಂದಕ್ಕೆ ತಿರುಗಿಸಿದ್ದರು.

ಗೋವಿಂದರಾಜ ಬಾನೆಟ್ಟಿನೊಳಗೆ ಬಾಗಿ ಮತ್ತೊಮ್ಮೆ ನೋಡಿದ. ನಿನ್ನೆ ಸಂಜೆ ತಾನೇ ಬಿಗಿದಿದ್ದ. ಇಂಜಿನ್ನಿಗೆ ಗಾಳಿಯ ಒತ್ತಡ ಹೆಚ್ಚಲಿ, ಹದಿನೈದು ವರ್ಷದ ಹಳೆಯ ಕಾರು ಹೆದ್ದಾರಿಯಲ್ಲಿ ಹೊಸದರಂತೆ ಎಳೆಯಲಿ ಎಂದು ಎರಡು ತಿಂಗಳಿಂದ ಕೊಪ್ಪಳದ ಮನೆಯಂಗಳದಲ್ಲೇ ಅದನ್ನು ಬಿಚ್ಚಿ ಕಟ್ಟುತ್ತಿದ್ದ. ಮೊಬೈಲಿನ ವಿಡಿಯೊಗಳೇ ಅವನ ಗುರು. ಸಡಿಲವಾಗಿದ್ದ ಪೈಪಿನ ಕ್ಲಿಪ್ಪೂ ಈಗ ಬಿಗಿಯಾಗಿತ್ತು. ಚಾಲೂ ಮಾಡಿದ. ಇಷ್ಟು ಹದವಾಗಿ ಅದೆಂದೂ ಗುನುಗಿರಲಿಲ್ಲ.

ಹೀಗಾಗಿದ್ದು ಮೊದಲ ಸಲವಲ್ಲ. ತಾನು ಬಸ್ಸಿನಲ್ಲಿ ಮುನಿರಾಬಾದಿನ ಕಚೇರಿಗೆ ಹೋದ ಮೇಲೆ ಮನೆಗೆ ಯಾರೋ ಬರುತ್ತಾರೆ. ಗಂಡಸು. ಪಾನಾ ಹಿಡಿದು ಬೋಲ್ಟು ತಿರುಗಿಸಬಲ್ಲ ಗಂಡಸು.

“ಯಾರು ಬಂದಿದ್ರು?”

“ಯಾರೂ ಬಂದಿಲ್ರಿ.” ಹೆಂಡತಿ ರೂಪಾ ರೊಟ್ಟಿ ಬಡಿಯುತ್ತಲೇ ಹೇಳಿದಳು.

“ಮತ್ತ ಕೈ ಯಾಕ ಸೀಮಿಎಣ್ಣಿ ನಾರತಾವ?”

“ಸ್ಟೋ ಒರಸಿದ್ನಿ.”

ಅವಳ ಮೊಬೈಲನ್ನು ಕಸಿದುಕೊಂಡು ವರ್ಷವಾಗಿತ್ತು. ತಳಕಲ್ಲಿನ ತವರಿಗೆ ಕಳಿಸದೆ ಎರಡು ವರ್ಷ. ಅವಳಪ್ಪನ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿ ಹೊತ್ತು ಮುಳುಗುವತನಕ ಗಂಡಸರು ಕೂತಿರುತ್ತಿದ್ದರು. ಅಂಥ ಕಡೆ ಬೆಳೆದವಳು ಎಂಬುದು ಅವನಿಗೆ ಮದುವೆಯಾದಾಗಿನಿಂದ ಚುಚ್ಚುತ್ತಿತ್ತು.

ಮರುದಿನ ಕಬ್ಬಿಣದ ಗೇಟಿಗೆ ಹೊರಗಿನಿಂದ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದ. ಕಾಂಪೌಂಡಿನ ಮೇಲೆ ಗಾಜಿನ ಚೂರುಗಳು ಮೊದಲೇ ಇದ್ದವು. ಕಾರಿನ ಕೀಲಿ ಎಂದಿನಂತೆ ಒಳಗಿನ ಮೊಳೆಯಲ್ಲೇ ಉಳಿಯಿತು.

ರೂಪಾ ಸರಳುಗಳ ಹಿಂದೆ ಬಂದು ನಿಂತಳು. “ಏನಾರ ಆದ್ರ ಹೆಂಗ ಹೊರಗ ಬರ್ಲಿ?”

“ಏನೂ ಆಗೂದಿಲ್ಲ.”

ಸಂಜೆ ಬೀಗ ಭದ್ರವಾಗಿಯೇ ಇತ್ತು. ಆದರೆ ಇಂಜಿನ್ ನಿನ್ನೆಗಿಂತ ಹಗುರಾಗಿ ಎದ್ದಿತು. ಗೋವಿಂದರಾಜ ಕಾರನ್ನು ನೇರ ಮೆಕ್ಯಾನಿಕ್ ತಾಹೇರನ ಗ್ಯಾರೇಜಿಗೆ ಒಯ್ದು ಅವನ ಕಾಲರ್ ಹಿಡಿದ.

“ಖುದಾ ಕಸಂ, ನಾ ನಿಮ್ಮ ಓಣಿಗೇ ಬಂದಿಲ್ರಿ ಸಾಹೇಬ್ರ!” ತಾಹೇರ ಬಿಡಿಸಿಕೊಂಡು ಬಾನೆಟ್ಟು ಎತ್ತಿ ನೋಡಿದ. ಬಹಳ ಹೊತ್ತು ನೋಡಿದ. “ಆದ್ರ ಇದನ್ನ ಮಾಡಿದಾಂವ ಉಸ್ತಾದ್ ಅದಾನ. ನೀವು ಬಿಗಿದಂಗ ಬಿಟ್ಟಿದ್ರ ಹೊಸಪೇಟಿ ಮುಟ್ಟೂದ್ರಾಗ ಇಂಜಿನ್ ಸಿಡೀತಿತ್ತು.”

ಆ ಉಸ್ತಾದನನ್ನು ಹಿಡಿಯದೆ ಬಿಡಬಾರದು. ಮರುದಿನ ಬೀಗ ಹಾಕಿ ಕಚೇರಿಗೆ ಹೊರಟಂತೆ ಮಾಡಿದ ಗೋವಿಂದರಾಜ, ಗಿಣಿಗೇರಿಯಲ್ಲೇ ಬಸ್ಸಿಳಿದು ವಾಪಸಾದ.

ಓಣಿಯ ತಿರುವಿನಿಂದಲೇ ಮನೆಯತ್ತ ಓಡತೊಡಗಿದ. ಗೇಟು ನೆಲದ ಮೇಲೆ ಮಲಗಿತ್ತು. ಬೀಗವನ್ನು ಯಾರೂ ಮುಟ್ಟಿರಲಿಲ್ಲ. ಬಿಜಾಗರಿಯ ಬೋಲ್ಟುಗಳನ್ನು ಒಳಗಿನಿಂದ ಬಿಚ್ಚಿ, ಒಂದೂ ಕಳೆಯದಂತೆ ಕಟ್ಟೆಯ ಮೇಲೆ ಸಾಲಾಗಿ ಇಡಲಾಗಿತ್ತು. ಕಾರಿರಲಿಲ್ಲ. ರೂಪಾ ಇರಲಿಲ್ಲ.

ಎದುರುಮನೆಯ ಮುದಕಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅವನು ಏದುಸಿರು ಬಿಡುತ್ತ ಅವಳೆದುರು ನಿಂತ.

“ಯಾರವ್ವಾ ಅಂವ? ನನ್ನ ಹೇಣ್ತೀನ ಯಾ ಕಡಿ ಕರಕೊಂಡು ಹೋದ?”

“ಅಂವ ಯಾರೋ ಯಪ್ಪಾ?” ಮುದಕಮ್ಮ ಮೊರದಿಂದ ತಲೆಯೆತ್ತಿದಳು. “ದಿನಾ ಆ ಗಾಡ್ಯಾಗ ತಲಿ ಹಾಕಿ ರಿಪೇರಿ ಮಾಡಾಕಿ ರೂಪಾನ; ಇವತ್ತ ಒಬ್ಬಾಕೀನ ಗಾಡಿ ಹೊಡಕೊಂಡು ಹೋದ್ಲು.”