ಕೊನೆಗೆ ಉಳಿದ ನುಡಿಗಟ್ಟು

ಇನ್ನು ಒಂದೇ ಉಳಿದಿದೆ, ನಾನೆಂಥ ಕಳ್ಳಿ ಅಂತ ನನಗೊಬ್ಬಳಿಗೇ ಗೊತ್ತು ಎಂದು ತಾರವ್ವ ಬೆಳಿಗ್ಗೆ ಡೈರಿಯಲ್ಲಿ ಬರೆದಿಟ್ಟಿದ್ದಳು. ಪುಸ್ತಕದಲ್ಲಿದ್ದ ನೂರಿಪ್ಪತ್ತು ಇಂಗ್ಲಿಷ್ ನುಡಿಗಟ್ಟುಗಳನ್ನು ದೀಪಾವಳಿಯೊಳಗೇ ಕಲಿಸಿ ಮುಗಿಸಬಹುದಿತ್ತು. ದಿನಕ್ಕೊಂದರಂತೆ ಎಳೆದು ಎಳೆದು ಶಿವರಾತ್ರಿಗೆ ತಂದು ಮುಟ್ಟಿಸಿದ್ದಳು.

ಕಲಿಯುವವನು ಹಾಲಸಿದ್ದ. ಇಚಲಕರಂಜಿಯ ತಾರವ್ವನ ಮನೆಯ ಹಿಂದಿನ ಶೆಡ್ಡಿನಲ್ಲಿ ಅವಳ ಅಪ್ಪ ಅಪ್ಪಣ್ಣನ ನಾಲ್ಕು ವಿದ್ಯುತ್ ಮಗ್ಗ ನಡೆಸುವವನು. ಬರುವ ವಾರ ಅವನ ಮ್ಯಾಟ್ರಿಕ್ ಪರೀಕ್ಷೆ. ಅದೊಂದು ದಾಟಿದರೆ ಈ ಊರು ಬಿಟ್ಟು ಗಡಹಿಂಗ್ಲಜದಲ್ಲಿ ಕಾರಕೂನನ ಕೆಲಸ ಕಾದಿತ್ತು.

ನಾಲ್ಕು ಗಂಟೆಗೆ ಚಹಾ, ಪಾಟಿ ಎರಡನ್ನೂ ಹಿಡಿದು ತಾರವ್ವ ಶೆಡ್ಡಿಗೆ ಬಂದಳು. ಮಗ್ಗಗಳ ಖಟಖಟ ಸದ್ದಿನಲ್ಲಿ ಕೂಗದೆ ಯಾರ ಮಾತೂ ಯಾರಿಗೂ ಕೇಳುವಂತಿರಲಿಲ್ಲ. ಕೊಲ್ಹಾಪುರದಲ್ಲಿ ಬಿ.ಎ. ಮುಗಿಸಿ ಬಂದರೂ ನಾಲ್ಕು ಜನರೆದುರು ತುಟಿ ಬಿಚ್ಚದ ಅವಳಿಗೆ ಅದೇ ಅನುಕೂಲವಾಗಿತ್ತು. ಪಾಟಿಯ ಮೇಲೆ ಬರೆದು ತೋರಿಸಿದರೆ ಪಾಠ ಮುಗಿಯಿತು. ಇವತ್ತು ಬರೆದದ್ದು ‘ಬ್ರೇಕ್ ದಿ ಐಸ್’. ಪುಸ್ತಕದ ಮೊದಲ ಪುಟದಲ್ಲೇ ಇದ್ದ ಅದನ್ನು ಇಷ್ಟು ದಿನ ಹಾರಿಸಿಕೊಂಡೇ ಬಂದಿದ್ದಳು.

“ಬರ್ಫ ಒಡಿಯೂದು?” ಹಾಲಸಿದ್ದ ಸದ್ದನ್ನು ಮೀರಿ ಕೂಗಿದ. “ಅದು ಬರ್ಫದ ಗಾಡಿಯವನ ಕೆಲಸ ಅಲ್ಲೇನ್ರೀ, ಮಾಸ್ತರಬಾಯಿ! ಮೊನ್ನೆ ಚೀಲದಾಗಿಂದ ಬೆಕ್ಕ ಬಿಟ್ರಿ, ಇವತ್ತ ಬರ್ಫ ತಂದ್ರಿ. ಈ ಇಂಗ್ಲಿಷ್ ಮಂದಿಗೆ ನೆಟ್ಟಗ ಮಾತಾಡಾಕ ಬರೂದೇ ಇಲ್ಲೇನು?”

ನಗು ಬಂತು. ಕೆಳಗೆ ಅರ್ಥ ಬರೆದಳು: ಸಂಕೋಚ ಬಿಟ್ಟು ಮೊದಲ ಮಾತು ಆಡುವುದು.

ಅವನು ಓದಿ ತಲೆಯಾಡಿಸಿ, ಹರಿದ ಎಳೆಯೊಂದಕ್ಕೆ ಗಂಟು ಹಾಕತೊಡಗಿದ. “ವಾಕ್ಯದಾಗ ಹಾಕಿ ತೋರಸ್ರಿ. ಪರೀಕ್ಷಾದಾಗ ಅದನ್ನ ಕೇಳ್ತಾರ. ಆಮ್ಯಾಲೆ ನಿಮಗ ನನ್ನ ಕಾಟ ತಪ್ಪಿತು.”

ಬಳಪ ಪಾಟಿಗೆ ಮುಟ್ಟಲಿಲ್ಲ. ವಾಕ್ಯ ಬಾಯಿಗೇ ಬಂದುಬಿಟ್ಟಿತ್ತು. ಈ ಗದ್ದಲದಲ್ಲಿ ಯಾರಿಗೆ ಕೇಳಬೇಕು ಎಂದುಕೊಂಡು, ಅವನ ಮುಖ ನೋಡುತ್ತಲೇ, ಉಸಿರಿನಷ್ಟು ಮೆಲ್ಲಗೆ ಅಂದೇಬಿಟ್ಟಳು.

ಹಾಲಸಿದ್ದನ ಕೈ ಎಳೆಯ ಮೇಲೆಯೇ ನಿಂತಿತು. ಮಗ್ಗದವರು ಮಾತನ್ನು ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿ ತಿಳಿಯುತ್ತಾರೆ. ಹುಟ್ಟಿದಂದಿನಿಂದ ಕಂಡದ್ದನ್ನೇ ತಾರವ್ವ ಮರೆತಿದ್ದಳು.

ಅವನು ಹೋಗಿ ಒಂದು ಮಗ್ಗದ ಹಿಡಿ ಎಳೆದು ನಿಲ್ಲಿಸಿದ. ಎರಡನೆಯದು, ಮೂರನೆಯದು, ನಾಲ್ಕನೆಯದು. ಚಹಾದ ಬಟ್ಟಲಿನ ಮೇಲೆ ನೊಣ ಗುಂಯ್‌ಗುಡುವುದೂ ಕೇಳಿಸತೊಡಗಿತು.

“ಇನ್ನೊಮ್ಮೆ ಹೇಳ್ರಿ,” ಅಂದ. ಈ ಸಲ ಕೂಗಲಿಲ್ಲ.

ಅಷ್ಟರಲ್ಲಿ ಪಡಸಾಲೆಯಿಂದ ಅಪ್ಪಣ್ಣನ ದನಿ: “ಏ ಹಾಲಸಿದ್ದಾ, ನಾಕೂ ಮಗ್ಗ ಯಾಕ ನಿಂತ್ವೋ? ಲೈಟ್ ಹೋತೇನು?” ಹಿಂದೆಯೇ ಚಪ್ಪಲಿಯ ಸದ್ದು. ಬಾಗಿಲಲ್ಲಿ ಅಪ್ಪಣ್ಣ ನಿಂತಿದ್ದ.

“ಹೌದ್ರಿ ಮಾಲಕ್ರ, ಈಗಷ್ಟ...” ಎಂದು ಹಾಲಸಿದ್ದ ಅವಳನ್ನು ಉಳಿಸಲು ನೋಡಿದ.

ತಾರವ್ವ ಪಾಟಿಯನ್ನು ಮಗ್ಗದ ಮೇಲಿಟ್ಟಳು.

“ಲೈಟ್ ಹೋಗಿಲ್ಲಪ್ಪಾ,” ಅಂದಳು. “ಇವರು ಗಡಹಿಂಗ್ಲಜಕ್ಕ ಹೋಗೂದು ನನಗ ಬ್ಯಾಡಾಗೇತಿ.”