ದೊರೆಯ ಪಂಜರ

“ನಾನು ವಾಪಸ್ ಬರೋವರೆಗೆ ಇವನ ಕೂದಲೂ ಕೊಂಕಬಾರದು, ಅಕ್ಕಾ.”

“ಇವನಿಗೆ ಕೂದಲೆಲ್ಲಿದೆಯೋ, ಕೋತಿ? ಹೋಗು, ನೋಡ್ಕೋತೀನಿ. ಮಾತು ಕೊಟ್ಟೆ.”

ಹಡಗಿನ ಅಡುಗೆಮನೆಗೆ ಕೆಲಸಕ್ಕೆ ಹೊರಟ ತಮ್ಮ ಅಂದು ಅವಳ ಕೈಗಿತ್ತದ್ದು ಬೆರಳುದ್ದದ ಊಸರವಳ್ಳಿ ಮರಿ. ಹೆಸರು ದೊರೆ. ವರ್ಷದಲ್ಲಿ ಗೇಣುದ್ದ ಬೆಳೆಯಿತು. ಬಟ್ಟಲಿನ ನೀರನ್ನು ದೊರೆ ಮೂಸುವುದಿಲ್ಲ, ಎಲೆಯ ಮೇಲಿನ ಹನಿಯನ್ನಷ್ಟೇ ನೆಕ್ಕುತ್ತದೆ. ಹೋಟೆಲಿನ ಬಟ್ಟೆಗಳಿಗೆ ಇಸ್ತ್ರಿ ಹಾಕುವ ಅವಳು, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದಲೇ ದಿನಾ ಪಂಜರದ ಕೊಂಬೆ ತೋಯಿಸುತ್ತಿದ್ದಳು. ಜೀರುಂಡೆ ತಂದು ಬಿಡುತ್ತಿದ್ದಳು. ತಳಕ್ಕೆ ದಿನವೂ ಹೊಸ ಕಾಗದ. ಕಲೆ ಕಂಡರೆ ಅವಳ ಕೈ ಸುಮ್ಮನಿರದು.

ಈಗ ದೊರೆ ತಿನ್ನುವುದು ಬಿಟ್ಟಿತ್ತು. ಮೈ ಕಪ್ಪಿಟ್ಟಿತ್ತು. ಹೊಟ್ಟೆ ಮಾತ್ರ ಉಬ್ಬಿತ್ತು. ಕೊಂಬೆಯಿಂದಿಳಿದು ಮೂಲೆಮೂಲೆಗೂ ಹೋಗಿ ಕಾಗದ ಪರಚುತ್ತಿತ್ತು.

ಅವಳ ಅನುಮಾನವೆಲ್ಲ ಅತ್ತೆಯ ಮೇಲೆ. ಒಂದು ಕಾಲಕ್ಕೆ ಹಿತ್ತಲ ತುಂಬ ಕೋಳಿ ಸಾಕಿದವರು. ಆದರೆ ದೊರೆ ಬಂದ ದಿನ, “ಮನೆಯೊಳಗೆ ಹಲ್ಲಿ ಸಂತಾನ ಬೇಡ” ಎಂದು ಪೊರಕೆ ಹಿಡಿದು ನಿಂತಿದ್ದರು. ಪಾರ್ಶ್ವವಾಯು ಹೊಡೆದು ಮಾತು ನಿಂತ ಮೇಲೆ ಇಡೀ ದಿನ ಪಂಜರದೆದುರೇ ಕೂರುತ್ತಾರೆ. ಸೊಸೆ ಕೆಲಸದಿಂದ ಬಂದಾಗಲೆಲ್ಲ ಪಂಜರದಲ್ಲಿ ಒದ್ದೆ ಮಣ್ಣು. ಅತ್ತೆಯ ಉಗುರಿನ ಸಂದಿಯಲ್ಲೂ ಅದೇ ಮಣ್ಣು.

“ಜೀವ ಇರುವಾಗಲೇ ಹೂಳ್ತೀರಾ ಅತ್ತೆ?”

ಅತ್ತೆ ಎಡಗೈಯಿಂದ ತಮ್ಮ ಹೊಟ್ಟೆ ಸವರಿಕೊಂಡರು. ಪಂಜರದತ್ತ ಬೆರಳು ಮಾಡಿದರು.

“ಹಸಿವಾ? ಈಗಷ್ಟೇ ಉಂಡ್ರಲ್ಲ!”

ಅತ್ತೆಯ ಕಣ್ಣು ತುಂಬಿತು. ಮೊಸಳೆ ಕಣ್ಣೀರು ಎಂದುಕೊಂಡಳು.

“ಅಮ್ಮನ ಬುದ್ಧಿ ಸ್ಥಿಮಿತದಲ್ಲಿಲ್ಲ ಕಣೇ, ಬಿಟ್ಟುಬಿಡು,” ಎಂದ ಗಂಡ.

“ನಿಮ್ಮಮ್ಮನ ಬುದ್ಧಿ ನಿಮಗಿಂತ ಚುರುಕಾಗಿದೆ. ನಾನಿಲ್ಲದ ಹೊತ್ತು ನೋಡಿಯೇ ತಂದು ಸುರೀತಾರೆ.”

ಮಣ್ಣೆಲ್ಲ ಬಳಿದು ಹೊರಗೆ ಚೆಲ್ಲಿದಳು. ಪಂಜರ ತೊಳೆದಳು. ಬೀಗ ಜಡಿದು ಕೀಲಿಯನ್ನು ಕೆಲಸಕ್ಕೇ ಒಯ್ದಳು. ಸಂಜೆ ಬಂದರೆ ಅತ್ತೆ ನೆಲದ ಮೇಲೆ ಕುಕ್ಕರಿಸಿದ್ದರು. ಬೀಗ ಎಳೆದೆಳೆದು ಬೆರಳು ಕೆಂಪಾಗಿತ್ತು. ಪಕ್ಕದಲ್ಲಿ ಮಣ್ಣು ತುಂಬಿದ ಬೋಗುಣಿ.

ಪಂಜರದ ತಳದ ಕಾಗದ ಬೆಳ್ಳಗಿತ್ತು. ಸದ್ಯ, ಗೆದ್ದೆ ಎನಿಸಿತು ಅವಳಿಗೆ.

ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ ದೊರೆ ಅಲುಗಲಿಲ್ಲ. ರಟ್ಟಿನ ಡಬ್ಬಿಯಲ್ಲಿ ಮಲಗಿಸಿಕೊಂಡು ಪಶುವೈದ್ಯೆಯ ಬಳಿ ಓಡಿದಳು.

“ವಿಷ ಹಾಕಿದಾರಾ ನೋಡಿ ಡಾಕ್ಟ್ರೇ. ಹಾಕೋರು ಮನೇಲೇ ಇದಾರೆ.”

ಪಶುವೈದ್ಯೆ ಆ ತಣ್ಣಗಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿದಳು.

“ಯಾರಮ್ಮ ಇದಕ್ಕೆ ದೊರೆ ಅಂತ ಹೆಸರಿಟ್ಟೋರು? ಇದು ಹೆಣ್ಣು. ಗಂಡಿನ ಸಂಗ ಇಲ್ಲದಿದ್ರೂ ಇವು ಮೊಟ್ಟೆ ಕಟ್ಟುತ್ವೆ. ಹೊಟ್ಟೆ ತುಂಬ ಮೊಟ್ಟೆ ಇದೆ, ನೋಡಿ. ಅಗೆದು ಇಡೋಕೆ ಒದ್ದೆ ಮಣ್ಣು ಸಿಗದಿದ್ರೆ ಒಳಗೇ ಉಳಿದು ಪ್ರಾಣ ತೆಗೀತವೆ. ಒಂದು ಬೋಗುಣಿ ಮಣ್ಣು ಸಾಕಿತ್ತು. ಮನೇಲಿ ಯಾರಿಗೂ ಹೊಳೀಲಿಲ್ವಾ?”

ತಮ್ಮನಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಳ್ಳಲಿಲ್ಲ; ಉಳಿಸಲು ಬಂದ ಕೈಗೆ ಬೀಗ ಹಾಕಿದ್ದಳು.