ಕಂಚಿನ ತಾಟಿನ ಸದ್ದು

ಮೊನ್ನೆ ಮಗಳು ಚಮಚದಿಂದ ಊಟದ ತಾಟು ಬಡಿದಾಗ ಮರಾಠಿ ಸೀಮೆಯ ನಿಗಡಿಯಲ್ಲಿ ಕಳೆದ ಚಿಕ್ಕಂದಿನ ಆ ಮಧ್ಯಾಹ್ನ ನೆನಪಾಗಿ ನನ್ನ ಮೈ ಉರಿಯಿತು.

ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಬೀದಿನಾಯಿ ಮರಿ ಹಾಕಿತ್ತು. ಕಡೆಯ ಮರಿ ಉಸಿರಾಡಲಿಲ್ಲ. ಅಜ್ಜಿ ಅದರ ಬಾಯೊಳಗಿನ ಲೋಳೆ ತೆಗೆದು, ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಬೆನ್ನು ತಿಕ್ಕತೊಡಗಿದಳು.

"ಓಡಿ ಹೋಗಿ ತಾಟ ತಗೊಂಡ್ ಬಾ. ನಿಮ್ಮಪ್ಪ ಹುಟ್ಟಿದಾಗ ಅಳಲೇ ಇಲ್ಲ. ಕಿವೀ ಹತ್ರ ತಾಟ ಬಡದ ಮ್ಯಾಲೇ ಚೀರಿದ."

ನಾನು ಮರಿಯ ಕಿವಿಯ ಬಳಿ ಕಂಚಿನ ತಾಟು ಬಡಿದೆ. ಅಜ್ಜಿ ತಿಕ್ಕುತ್ತಲೇ ಇದ್ದಳು. ಮರಿಯ ಬಾಯಿ ಒಮ್ಮೆ ತೆರೆದು ಮುಚ್ಚಿತು.

ಅಷ್ಟರಲ್ಲಿ ಮೇಲಿನ ಮನೆಯ ಕಾಕಾ ಬನಿಯನ್ನಿನಲ್ಲೇ ಇಳಿದು ಬಂದರು. ಮಧ್ಯಾಹ್ನದ ನಿದ್ದೆ ಕೆಟ್ಟಿತ್ತು. "ದುಪಾರೀ ತರೀ ಝೋಪೂ ದ್ಯಾ!" ಮಧ್ಯಾಹ್ನವಾದರೂ ಮಲಗಲು ಬಿಡಿ ಎಂದು ಮರಾಠಿಯಲ್ಲಿ ಕೂಗಾಡಿದರು.

"ಇನ್ನೂ ಜೀವ ಅದ ರೀ, ಒಂದ್ ನಿಮಿಷ ತಡೀರಿ" ಎಂದು ಅಜ್ಜಿ ಕನ್ನಡದಲ್ಲೂ ಮರಾಠಿಯಲ್ಲೂ ಬೇಡಿಕೊಂಡಳು.

ಅವರು ತಡೆಯಲಿಲ್ಲ. ಮರಿಯನ್ನು ಅಜ್ಜಿಯ ಕೈಯಿಂದ ಕಿತ್ತು ಕಸದ ಬಕೆಟ್ಟಿಗೆ ಒಗೆದು, ಮತ್ತೆ ಮಲಗಲು ಹೋದರು. ಅಜ್ಜಿ ಅದನ್ನು ಎತ್ತಿಕೊಂಡು ಸಂಜೆಯ ತನಕ ತಿಕ್ಕಿದಳು. ಅದು ಮತ್ತೆ ಬಾಯಿ ತೆರೆಯಲಿಲ್ಲ.

ಆಗತಾನೆ ಹುಟ್ಟಿದ ನಾಯಿಮರಿಗೆ ಕಿವಿ ಕೇಳುವುದಿಲ್ಲವಂತೆ. ಮರಿಯದು ಬಿಡಿ. ಮಹಡಿಯ ಮೇಲಿಂದ ತಾಟಿನ ಸದ್ದು ಕೇಳಿಸಿಕೊಂಡವನಿಗೆ, ಎದುರಿಗೇ ಕೂತಿದ್ದ ಅಜ್ಜಿಯ ಮಾತು ಕೇಳಿಸಲಿಲ್ಲವೇ?